ಪದಚರ್ಚೆ: ಫೋಟೋ, ಹಾಡುಗಳ ಮೆಟಾಡೇಟಾದಲ್ಲಿ ‘ಡಿಪಿಕ್ಟ್ಸ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಚಿತ್ರದುರ್ಗದ ಕೋಟೆಯ ಫೋಟೋಗಳನ್ನೂ ನಮ್ಮ ಕಡೆಯ ಗಣೆ ಪದಗಳ, ಅಂದರೆ ಕೊಳಲಿನ ಜೊತೆ ಹಾಡುವ ಹಾಡುಗಳ, ರೆಕಾರ್ಡಿಂಗ್‌ಗಳನ್ನೂ ಎಲ್ಲರೂ ಬಳಸಬಹುದಾದ ಫೋಟೋ, ಧ್ವನಿ ಫೈಲುಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಬೇಕು ಅಂತ ಕೆಲವರು ಸೇರಿ ಕೆಲಸ ಮಾಡುತ್ತಿದ್ದೇವೆ. ಮೆಟಾಡೇಟಾ, ಅಂದರೆ ಫೈಲಿನ ಬಗೆಗಿನ ಮಾಹಿತಿ, ಕನ್ನಡದಲ್ಲೇ ಇರಬೇಕು ಅನ್ನುವುದು ನಮ್ಮ ಆಸೆ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಒನಕೆ ಓಬವ್ವನ ಕಿಂಡಿಯ ಫೋಟೋ ತೆಗೆದರೆ ದಿನ, ಹೊತ್ತು, ಜಿಪಿಎಸ್ ಆನ್ ಇದ್ದರೆ ಜಾಗವನ್ನೂ ಮೊಬೈಲೇ ಫೈಲಿನೊಳಗೆ ಬರೆದಿಡುತ್ತದೆ. ಆದರೆ ಅದು ಓಬವ್ವನ ಕಿಂಡಿ ಅಂತ ನಾವೇ ಹೇಳಬೇಕು. ಸುಮ್ನೆ ‘ದುರ್ಗ’ ಅಂತ ಟ್ಯಾಗ್ ಹಾಕಿದರೆ ಸಾಲದು. ನಮಗೆ ದುರ್ಗ ಅಂದ್ರೆ ಊರು, ಹೊರಗಿನವರಿಗೆ ಯಾವ ಕೋಟೆಯಾದರೂ ದುರ್ಗವೇ. ‘ಹರಿಹರ’ ಇನ್ನೂ ಕಷ್ಟ. ದಾವಣಗೆರೆ ಪಕ್ಕದ ಊರು, ಅಲ್ಲಿನ ದೇವರು, ರಗಳೆಯ ಕವಿ, ವಿಜಯನಗರದ ಅರಸ, ಎಲ್ಲಕ್ಕೂ ಅದೇ ಹೆಸರು.

ಲಿಂಕ್ಡ್ ಡೇಟಾ, ಅಂದರೆ ಒಂದಕ್ಕೊಂದು ಕೊಂಡಿ ಹಾಕಿದ ಮಾಹಿತಿ, ಈ ಗೊಂದಲ ಬಿಡಿಸುತ್ತದೆ. ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ 2006ರಲ್ಲಿ ಇದರ ನಿಯಮಗಳನ್ನು ಬರೆದರು. ಪ್ರತಿಯೊಂದಕ್ಕೂ ವೆಬ್‌ನಲ್ಲಿ ಅದರದ್ದೇ ವಿಳಾಸ ಇರಬೇಕು, ಅಲ್ಲಿ ಉಪಯೋಗಕ್ಕೆ ಬರುವ ಮಾಹಿತಿ ಸಿಗಬೇಕು, ಅಲ್ಲಿಂದ ಬೇರೆಯವಕ್ಕೆ ಕೊಂಡಿ ಇರಬೇಕು. 2012ರಲ್ಲಿ ಶುರುವಾದ, ವಿಕಿಪೀಡಿಯ ಬಳಗದ ಮಾಹಿತಿ ಕೋಶ ವಿಕಿಡೇಟಾದಲ್ಲಿ ಹರಿಹರ ಊರಿಗೆ ಒಂದು ನಂಬರ್, ಹರಿಹರ ಕವಿಗೆ ಬೇರೆ ನಂಬರ್.

ಮಾಹಿತಿಯನ್ನು ಮೂರು ಭಾಗ ಮಾಡಿ ಬರೆಯುತ್ತಾರೆ: ಯಾವುದು, ಏನು ಸಂಬಂಧ, ಯಾವುದರ ಜೊತೆ. ನನ್ನ ಪ್ರಶ್ನೆ ಇರುವುದು ನಡುವಿನ ಭಾಗದ ಬಗ್ಗೆ. ವಿಕಿಡೇಟಾದಲ್ಲಿ ಸಂಬಂಧಗಳಿಗೂ ನಂಬರ್ ಇದೆ. ಪಿ180 ಅಂದರೆ ‘ಡಿಪಿಕ್ಟ್ಸ್’, ಚಿತ್ರದಲ್ಲಿ ಏನಿದೆ ಅಂತ ಹೇಳುವ ಸಂಬಂಧ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆಯೇ ಬರುವುದರಿಂದ ಸಾಲು ಸಲೀಸಾಗಿ ಓದಿಸಿಕೊಳ್ಳುತ್ತದೆ. ‘ಈ ಫೋಟೋ – ಚಿತ್ರಿಸುತ್ತದೆ – ಓಬವ್ವನ ಕಿಂಡಿ’ ಅಂತ ಕನ್ನಡದಲ್ಲಿ ಯಾರಾದರೂ ಹೇಳುತ್ತಾರಾ? ನಮ್ಮಲ್ಲಿ ಕ್ರಿಯಾಪದದ ಜಾಗ ಕೊನೆಯಲ್ಲಿ, ಅಲ್ವಾ? ‘ಚಿತ್ರಣ’ ಅಂದರೆ ಸಾಲು ಕೂರುತ್ತದೆ, ಆದರೆ ಕಥೆ ಕಾದಂಬರಿಯ ವಿಮರ್ಶೆ ಓದಿದ ಹಾಗಾಗುತ್ತದೆ.

ಅದಕ್ಕೇ ‘ಇದರಲ್ಲಿ ಕಾಣುವುದು’ ಅನ್ನೋಣ ಅಂತ ನನ್ನ ಸಲಹೆ. ‘ಈ ಫೋಟೋ – ಇದರಲ್ಲಿ ಕಾಣುವುದು – ಓಬವ್ವನ ಕಿಂಡಿ’. ಹಾಗೇ ‘ತೆಗೆದವರು’, ‘ತೆಗೆದ ಜಾಗ’, ‘ಹಾಡಿದವರು’. ‘ತೆಗೆದವರು’ ಅಂದರೆ ಗಂಡಸರಿಗೂ ಆಯಿತು, ಹೆಂಗಸರಿಗೂ ಆಯಿತು. ಒಬ್ಬರಿದ್ದರೂ ಸರಿ, ನಾಲ್ಕು ಜನ ಇದ್ದರೂ ಸರಿ. ‘ಛಾಯಾಗ್ರಾಹಕ’ದಲ್ಲಿ ಈ ಅನುಕೂಲ ಇಲ್ಲ.

ಹಾಡಿಗೆ ಬಂದರೆ ತೊಡಕು ಜಾಸ್ತಿ. ಗಣೆ ಅಂದರೆ ಕಾಡುಗೊಲ್ಲರ ಉದ್ದನೆಯ ಬಿದಿರಿನ ಕೊಳಲು. ಅವರ ದೇವರು ಜುಂಜಪ್ಪನ ಪದದಲ್ಲಿ ಕಿವಿಗೆ ಬೀಳುವುದು ಗಣೆ, ಪದ ಇರುವುದು ಜುಂಜಪ್ಪನ ಮೇಲೆ. ಎರಡೂ ಬೇರೆ ಸಂಬಂಧ. ಗಣೆಗೆ ‘ಇದರಲ್ಲಿ ಕೇಳಿಸುವುದು’ ಒಪ್ಪುತ್ತದೆ. ಜುಂಜಪ್ಪನಿಗೆ ಹೊಂದುವುದು ಪಿ921, ‘ಮೇನ್ ಸಬ್ಜೆಕ್ಟ್’. ‘ಯಾರ ಬಗ್ಗೆ’ ಅಂದರೆ ಜನಕ್ಕೂ ದೇವರಿಗೂ ಸರಿ, ಕೆರೆ ಕೋಟೆಗಳ ಹಾಡಿಗೆ ಆಗುವುದಿಲ್ಲ. ‘ಯಾವುದರ ಬಗ್ಗೆ’ ಅಂತ ಜುಂಜಪ್ಪನಿಗೆ ಹೇಳುವ ಹಾಗಿಲ್ಲ, ಅದು ಅಗೌರವ. ಎರಡಕ್ಕೂ ಆಗುವ ‘ವಿಷಯ’ ಸಾಕೇ, ಇದಕ್ಕಿಂತ ಒಳ್ಳೆಯದು ಇದೆಯೇ?

ಇನ್ನೊಂದು. ಉದ್ದನೆಯ ರೆಕಾರ್ಡಿಂಗ್‌ನಲ್ಲಿ 95ರಿಂದ 130ನೇ ಸೆಕೆಂಡಿನವರೆಗೆ ಮಾತ್ರ ತೋರಿಸುವ ವಿಳಾಸ ಬರೆಯಲು 2012ರಿಂದ ಒಂದು ವೆಬ್ ಮಾನದಂಡ ಇದೆ, ‘ಮೀಡಿಯಾ ಫ್ರಾಗ್ಮೆಂಟ್ಸ್’. ಇದನ್ನು ‘ತುಣುಕು’ ಅಂದರೆ ಫೈಲ್ ಕತ್ತರಿಸಿದ ಹಾಗೆ ಕೇಳಿಸುತ್ತದೆ. ಇಲ್ಲಿ ಫೈಲ್ ಇಡಿಯಾಗಿಯೇ ಇರುತ್ತದೆ, ಬೊಟ್ಟು ಮಾಡುವುದು ಮಾತ್ರ ಒಂದು ಜಾಗಕ್ಕೆ. ಏನನ್ನಬಹುದು?

‘ಮೆಟಾಡೇಟಾ’ ಹಾಗೇ ಇರಲಿ, ಎಲ್ಲರಿಗೂ ಗೊತ್ತಾಗುತ್ತದೆ. ಲಿಂಕ್ಡ್ ಡೇಟಾಗೆ ‘ಸಂಪರ್ಕಿತ ದತ್ತಾಂಶ’ ನನ್ನ ನಾಲಿಗೆಗೆ ಭಾರ. ‘ಬೆಸೆದ ಮಾಹಿತಿ’ ಇಷ್ಟವಾಯಿತು. ಬಹುವಚನ ಬೇಕಾದಾಗ ಅದು ಹೇಗೆ ಒಗ್ಗುತ್ತದೆ, ಬಳಸಿದವರು ಯಾರಾದರೂ ಇದ್ದರೆ ಹೇಳಿ.