ಅಪ್‌ಡೇಟ್: ಅಂಗಡಿಯ ಠೇವಣಿ ದಾವೆ ಬೆಳಗಾವಿಯಲ್ಲೇ

ಬೆಳಗಾವಿಯಲ್ಲಿ ಬಾಡಿಗೆ ಅಂಗಡಿ ಖಾಲಿ ಮಾಡಿದ ಮೇಲೆ ಕೊಲ್ಹಾಪುರದ ಮಾಲೀಕರು ಎರಡು ಲಕ್ಷ ರೂಪಾಯಿ ಠೇವಣಿ ಹಿಂದಿರುಗಿಸುತ್ತಿಲ್ಲ, ಕರಾರಿನಲ್ಲಿ ಮಾತ್ರ ‘ವ್ಯಾಜ್ಯವಾದರೆ ಬೆಂಗಳೂರು ನ್ಯಾಯಾಲಯ’ ಎಂದಿದೆ, ಎಲ್ಲಿ ದಾವೆ ಹೂಡಲಿ ಎಂದು ಕೇಳಿದ್ದೆ.

ವಕೀಲರು ಕರಾರನ್ನು ಕೊನೆಯ ಪುಟದಿಂದಲೇ ಓದತೊಡಗಿದರು. ಬೆಂಗಳೂರಿನ ಷರತ್ತು ಕಂಡು ನಕ್ಕರು. ಯಾರದೋ ಹಳೆಯ ಕರಾರಿನಿಂದ ಟೈಪಿಸ್ಟ್ ಇಳಿಸಿಕೊಂಡ ಸಾಲು ಅದು; ಅಂಗಡಿಗೂ ಬೆಂಗಳೂರಿಗೂ ಎತ್ತಣಿಂದೆತ್ತ ಸಂಬಂಧ? ಕಾನೂನಿನಂತೆ ಅಧಿಕಾರವಿರುವ ಎರಡು ನ್ಯಾಯಾಲಯಗಳಲ್ಲಿ ಒಂದನ್ನು ಕರಾರು ಆರಿಸಬಹುದೇ ಹೊರತು, ಇಲ್ಲದ ಅಧಿಕಾರವನ್ನು ಹುಟ್ಟಿಸಲಾಗದು. 1971ರ ಹಾಕಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ‘ಕೊಲ್ಹಾಪುರ ಮಾತ್ರ’ ಎಂದು ಬರೆದಿದ್ದರೆ ನಾನು ಅಲ್ಲಿಗೇ ಅಲೆಯಬೇಕಾಗುತ್ತಿತ್ತು, ಪ್ರತಿವಾದಿ ಅಲ್ಲಿಯವರಲ್ಲವೇ! ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಕಲಮಿನ ಪ್ರಕಾರ ಹಣ ವಸೂಲಿಗೆ ಪ್ರತಿವಾದಿ ವಾಸಿಸುವ ಊರೂ ಆದೀತು, ವ್ಯಾಜ್ಯಕಾರಣ ಹುಟ್ಟಿದ ಊರೂ ಆದೀತು. ಕರಾರಿಗೆ ಸಹಿ ಬಿದ್ದದ್ದು, ಠೇವಣಿ ಕೊಟ್ಟದ್ದು ಎಲ್ಲವೂ ಬೆಳಗಾವಿಯಲ್ಲಿ. ಅಂಗಡಿ ಬಿಡಿಸುವ ದಾವೆಯಾಗಿದ್ದರೆ ಈ ಚರ್ಚೆಯೇ ಬೇಡ. 16ನೇ ಕಲಮಿನಂತೆ ಸ್ವತ್ತು ಇರುವಲ್ಲೇ ಹೂಡಬೇಕು.

ವಾಣಿಜ್ಯ ನ್ಯಾಯಾಲಯಕ್ಕೆ ಹೋಗಿ ಎಂದು ಒಬ್ಬರು ಸೂಚಿಸಿದ್ದರು. ಅಲ್ಲಿಗೆ ವ್ಯಾಜ್ಯದ ಮೌಲ್ಯ ಕನಿಷ್ಠ ಮೂರು ಲಕ್ಷ ಇರಬೇಕು. ಹಾಗಾಗಿ ಇಲ್ಲಿನ ಸಾಮಾನ್ಯ ಸಿವಿಲ್ ನ್ಯಾಯಾಲಯದಲ್ಲಿ ದಾವೆ ದಾಖಲಾಗಿದೆ, ಸಮನ್ಸ್ ಕೊಲ್ಹಾಪುರಕ್ಕೆ ಹೋಗಿದೆ. ನೋಟಿಸಿಗೆ ಉತ್ತರಿಸದ ಮಾಲೀಕರು ಈಗ ಫೋನ್ ಮಾಡಿ, ‘ಅರ್ಧ ಕೊಡುತ್ತೇನೆ, ಮುಗಿಸಿಬಿಡಿ’ ಎನ್ನುತ್ತಿದ್ದಾರೆ. ನಾನು ಒಪ್ಪಿಲ್ಲ.