ಅಪ್‌ಡೇಟ್: ಈಸ್ಪೀಕ್ ಈಗ ಕನ್ನಡ ನೋಟ್ಸ್ ಓದುತ್ತಿದೆ

ನಾನು ಮೊದಲು ಕೇಳಿದ್ದ ಪ್ರಶ್ನೆ ಇದು: ವಿಜಯಪುರದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿಗೆ ಕಣ್ಣು ಕಾಣುವುದಿಲ್ಲ. ಅವಳ ಇತಿಹಾಸದ ನೋಟ್ಸನ್ನು ಲಿನಕ್ಸ್ ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ), ಬರಹವನ್ನು ಓದಿ ಹೇಳುವ ಪ್ರೋಗ್ರಾಂ ಆದ ಈಸ್ಪೀಕ್ ಎನ್‌ಜಿಯಿಂದ ಆಡಿಯೊ ಮಾಡಲು ಹೋದರೆ ಅರ್ಥವಿಲ್ಲದ ಶಬ್ದ ಬರುತ್ತಿತ್ತು.

ತೊಂದರೆ ಪ್ರೋಗ್ರಾಂನದ್ದಲ್ಲ. ನೋಟ್ಸ್ ಟೈಪ್ ಆಗಿದ್ದು ಹಳೆಯ ನುಡಿ ಫಾಂಟ್‌ನಲ್ಲಿ. ನಮ್ಮ ಕಣ್ಣಿಗೆ ಅದು ಕನ್ನಡ. ಆದರೆ ಫೈಲ್ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಈಸ್ಪೀಕ್ ಅದನ್ನೇ ಓದುತ್ತಿತ್ತು! ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಉಳಿಸುವ ಯೂನಿಕೋಡ್‌ಗೆ ಬದಲಾಯಿಸಿದ ಮೇಲೆ ಮೊದಲ ಸಾಲೇ ಸರಿಯಾಗಿ ಕೇಳಿಸಿತು. ನಿಮ್ಮ ಜಿಲ್ಲೆಯ ಟೈಪಿಂಗ್ ಸೆಂಟರ್‌ಗಳ ಹಳೆ ಫೈಲ್ ಇದ್ದರೆ ಮೊದಲು ಇದನ್ನೇ ನೋಡಿ.

ಈಸ್ಪೀಕ್‌ಗೆ ಕೊಡುವ ಆಜ್ಞೆಯಲ್ಲಿ ಮೈನಸ್ ವಿ ಜೊತೆ ಕೆಎನ್ ಕೊಟ್ಟರೆ ಕನ್ನಡ ಧ್ವನಿ. ಮೈನಸ್ ಎಫ್‌ಗೆ ಫೈಲ್ ಹೆಸರು, ಮೈನಸ್ ಡಬ್ಲ್ಯೂಗೆ ಉಳಿಸಬೇಕಾದ ವೇವ್ ಆಡಿಯೊ ಫೈಲ್‌ನ ಹೆಸರು. ವೇಗ ಮೈನಸ್ ಎಸ್‌ನಲ್ಲಿ, ಏನೂ ಹೇಳದಿದ್ದರೆ ನಿಮಿಷಕ್ಕೆ 175 ಪದ. ನಾನು ಕಡಿಮೆ ಮಾಡಿ 130 ಇಟ್ಟೆ. ಅವಳು ಕೇಳಿ, ಇನ್ನೂ ಜೋರಾಗಿ ಓಡಿಸಿ ಅಂದಳು! ಪರದೆಯ ಬರಹ ಓದಿ ಹೇಳುವ ಸ್ಕ್ರೀನ್ ರೀಡರ್ ರೂಢಿ ಇದ್ದವರ ಕಿವಿ ಬಹಳ ಚುರುಕು. ವೇಗವನ್ನು ಕೇಳುವವರೇ ನಿರ್ಧರಿಸಬೇಕು, ಅಲ್ವಾ?

ಇನ್ನೊಂದು. ‘ಗೋಳಗುಮ್ಮಟ’ ಎಂಬ ತಲೆಬರಹ ಕೆಳಗಿನ ವಾಕ್ಯಕ್ಕೆ ಅಂಟಿಕೊಂಡು ಬರುತ್ತಿತ್ತು. ತಲೆಬರಹದ ಕೊನೆಗೆ ಪೂರ್ಣವಿರಾಮ ಹಾಕಿ, ಕೆಳಗೆ ಒಂದು ಖಾಲಿ ಸಾಲು ಬಿಟ್ಟೆ. ಈಗ ನಿಂತು ಓದುತ್ತದೆ. ಧ್ವನಿ ಯಂತ್ರದ್ದೇ, ಆದರೆ ಇಂಟರ್ನೆಟ್ ಬೇಡ, ದುಡ್ಡೂ ಬೇಡ. ಅವಳಿಗೆ ಈಗ ಸಮಾಜಶಾಸ್ತ್ರದ ನೋಟ್ಸೂ ಬೇಕಂತೆ, ಅದನ್ನು ಬದಲಾಯಿಸುತ್ತಿದ್ದೇನೆ.