ಹಳೆಯ ಫೈಬರ್ ದೋಣಿಯ ಟ್ರಾನ್ಸಮ್ (ಇಂಜಿನ್ ಕೂರಿಸುವ ಹಿಂಬದಿಯ ಗೋಡೆ) ಬಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಇಂಜಿನ್ ಬೋಲ್ಟ್‌ಗಳ ಸುತ್ತ ಸಣ್ಣ ಬಿರುಕು. ಇಂಜಿನ್ ಹಿಡಿದು ಅಲ್ಲಾಡಿಸಿದರೆ ಟ್ರಾನ್ಸಮ್ಮೂ ಬಾಗುತ್ತೆ. ಮೇಲೆ ಪುಟ್ಟಿ ಹಚ್ಚಿದರೆ ಸಾಕಾ?

ಉತ್ತರ: ಪುಟ್ಟಿ ಸುಮ್ನೆ ದಂಡ. ಒಳಗಿನ ಪ್ಲೈವುಡ್ ಕೊಳೆತಿರಬೇಕು. ಸುತ್ತಿಗೆ ಹಿಡಿಯಿಂದ ತಟ್ಟಿ. ಟಣ್ ಅಂದರೆ ಗಟ್ಟಿ, ಡಬ್ ಅಂದರೆ ಅನುಮಾನ. ಒಳಗಡೆಯಿಂದ ಸಣ್ಣ ತೂತು ಕೊರೆದು ನೋಡಿ.

ಪ್ರಶ್ನೆ ಕೇಳಿದವರು: ಕೊರೆದೆ. ಕಪ್ಪು ಒದ್ದೆ ಪುಡಿ, ಜೊತೆಗೆ ನೀರೂ ಜಿನುಗಿತು!

ಉತ್ತರ: ಹಾಗಾದ್ರೆ ಒಳಗಿನ ಫೈಬರ್ ಪದರ ಕತ್ತರಿಸಿ ಕೊಳೆತದ್ದೆಲ್ಲ ಕೆರೆದು ತೆಗೆಯಿರಿ. ಹೊರಪದರ ಬಿಡಿ, ಆಕಾರ ಉಳಿಯುತ್ತೆ. ಪೂರ್ತಿ ಒಣಗಿದ ಮೇಲೆ ದೋಣಿಗೆಂದೇ ಸಿಗೋ ಮರೈನ್ ಪ್ಲೈವುಡ್ಡನ್ನು ಎಪಾಕ್ಸಿಯಲ್ಲಿ (ಗಟ್ಟಿಯಾಗೋ ರಾಳದ ಅಂಟು) ಅಂಟಿಸಿ, ಮೇಲೆ ಗ್ಲಾಸ್ ಬಟ್ಟೆ (ಗಾಜಿನ ನಾರಿನ ಬಟ್ಟೆ) ಹಾಕಿ. ಬೋಲ್ಟ್ ತೂತು ಮಾತ್ರ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಸರಿ ಅಳತೆಗೆ ಮತ್ತೆ ಕೊರೆಯಿರಿ. ನೀರು ಇಳಿಯೋದು ಜಾಸ್ತಿ ಅಲ್ಲಿಂದಲೇ ಅಲ್ವಾ?

ಇನ್ನೊಬ್ಬರು: ಉಜ್ಜುವಾಗ ಮಾಸ್ಕ್, ತುಂಬು ತೋಳಿನ ಅಂಗಿ ಮರೀಬೇಡಿ. ಗ್ಲಾಸ್ ಪುಡಿ ತುರಿಕೆ ಸಹಿಸೋಕಾಗಲ್ಲ.